ಹಣ್ಣಿನ ವಿನೆಗರ್‌ನಲ್ಲಿ ಈರುಳ್ಳಿಯ ದಿಢೀರ್ ಉಪ್ಪಿನಕಾಯಿ

ಈರುಳ್ಳಿಯ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ 89 ಭಾಗ ನೀರೇ ಇರುತ್ತದೆ. ಅದನ್ನು ವಿನೆಗರ್‌ನಲ್ಲಿ ಹಾಕಿಡಲು ಹೊರಟವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಈ ನೀರನ್ನು. ಜಾಡಿಗೆ ಎಷ್ಟೇ ಒಳ್ಳೆಯ ವಿನೆಗರ್ ಸುರಿದರೂ, ಕೆಲವು ಗಂಟೆಗಳೊಳಗೆ ಆಮ್ಲವು ಹೊರಗಿನಿಂದ ಎಸಳುಗಳ ಒಳಕ್ಕೂ, ಎಸಳುಗಳೊಳಗಿನ ನೀರು ಹೊರಗಿನ ರಸಕ್ಕೂ ಹರಿದು, ಎರಡೂ ಕಡೆ ಹುಳಿ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹಾಗೆ ನಿಂತಾಗ ಉಳಿಯುವ ಹುಳಿ ನಾವು ಸುರಿದದ್ದಕ್ಕಿಂತ ಬಹಳ ಕಡಿಮೆ. ಅನೇಕರ ಉಪ್ಪಿನಕಾಯಿ ಮೊದಲ ದಿನ ಚುರುಕಾಗಿದ್ದು ಮೂರನೆಯ ದಿನ ಸಪ್ಪೆಯಾಗುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಈರುಳ್ಳಿಯನ್ನು ಎಷ್ಟು ದಪ್ಪಕ್ಕೆ ಹೆಚ್ಚಬೇಕು, ಉಪ್ಪನ್ನು ಯಾವಾಗ ಹಾಕಬೇಕು, ವಿನೆಗರ್‌ಗೆ ನೀರನ್ನು ಎಷ್ಟು ಬೆರೆಸಬೇಕು, ಜಾಡಿಯನ್ನು ಏಕೆ ಫ್ರಿಜ್‌ನಲ್ಲೇ ಇಡಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ದೊರೆಯುವುದು ಈ ನೀರಿನ ಲೆಕ್ಕದಿಂದಲೇ.

ದಿಢೀರ್ ಎಂದ ಮಾತ್ರಕ್ಕೆ ಇದು ವರ್ಷಗಟ್ಟಲೆ ಇಡುವ ಉಪ್ಪಿನಕಾಯಿಯ ಚಿಕ್ಕ ರೂಪವೆಂದು ಭಾವಿಸಬಾರದು. ಉಪ್ಪುನೀರಿನಲ್ಲಿ ತಾನಾಗಿ ಹುಳಿ ಬರಿಸುವ ಕ್ರಮದಲ್ಲಿ ಬ್ಯಾಕ್ಟೀರಿಯಾಗಳು ದಿನಗಟ್ಟಲೆ ಕೆಲಸ ಮಾಡಿ ಆಮ್ಲವನ್ನು ತಯಾರಿಸುತ್ತವೆ. ಇಲ್ಲಿ ಆಮ್ಲವನ್ನು ನಾವೇ ಹೊರಗಿನಿಂದ ಕೊಡುತ್ತೇವೆ. ಹುದುಗುವಿಕೆಯ ಪ್ರಶ್ನೆಯೇ ಬರುವುದಿಲ್ಲ. ಆದ್ದರಿಂದ ಅರ್ಧ ಗಂಟೆಯಲ್ಲಿ ತಿನ್ನಲು ಯೋಗ್ಯವಾಗುವ, ಎರಡು ವಾರಗಳೊಳಗೆ ಮುಗಿಸಬೇಕಾದ, ತಣ್ಣಗೆ ಇಟ್ಟುಕೊಳ್ಳುವ ಪದಾರ್ಥವಿದು.

ವಿನೆಗರ್‌ನ ಆಯ್ಕೆ

ಹಣ್ಣಿನ ವಿನೆಗರ್ ಎರಡು ಹಂತಗಳಲ್ಲಿ ಸಿದ್ಧವಾಗುತ್ತದೆ. ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನು ಮೊದಲು ಯೀಸ್ಟ್ ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಬಳಿಕ ಗಾಳಿಯ ಸಂಪರ್ಕದಲ್ಲಿ ಬೇರೊಂದು ಬಗೆಯ ಬ್ಯಾಕ್ಟೀರಿಯಾ ಆ ಮದ್ಯಸಾರವನ್ನು ಅಸಿಟಿಕ್ ಆಮ್ಲವನ್ನಾಗಿಸುತ್ತದೆ. ಈ ಎರಡು ಹಂತಗಳನ್ನು ದಾಟಿದ ಮೇಲೂ ಮೂಲ ಹಣ್ಣಿನ ಪರಿಮಳ, ಅದರದೇ ಆದ ಇತರ ಹುಳಿಗಳು, ಸ್ವಲ್ಪ ಬಣ್ಣ ಉಳಿದಿರುತ್ತವೆ. ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿ ತಯಾರಿಸಿದ ಬಿಳಿಯ ಸಿಂಥೆಟಿಕ್ ವಿನೆಗರ್‌ನಲ್ಲಿ ಇದ್ಯಾವುದೂ ಇರುವುದಿಲ್ಲ. ಅದರ ಹುಳಿ ನೇರವಾಗಿ ಮೂಗಿಗೆ ಹೊಡೆಯುತ್ತದೆ. ಹಸಿ ಈರುಳ್ಳಿಗೆ ತನ್ನದೇ ಆದ ಘಾಟು ಇರುವುದರಿಂದ, ಅದರ ಜೊತೆಗೆ ಇನ್ನೊಂದು ಘಾಟನ್ನು ಸೇರಿಸುವುದಕ್ಕಿಂತ ಹಣ್ಣಿನ ವಿನೆಗರ್‌ನ ಮೆದು ಹುಳಿಯನ್ನು ಸೇರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಬಾಟಲಿಯ ಮೇಲೆ ಹಣ್ಣಿನ ಚಿತ್ರಕ್ಕಿಂತ ಮೊದಲು ನೋಡಬೇಕಾದದ್ದು ಆಮ್ಲದ ಪ್ರಮಾಣ. 5 ಪ್ರತಿಶತ ಎಂದಿದ್ದರೆ ಈ ಲೇಖನದ ಅಳತೆಗಳು ಹಾಗೆಯೇ ಹೊಂದುತ್ತವೆ. 6 ಪ್ರತಿಶತವಿದ್ದರೆ ನೀರನ್ನು ಸ್ವಲ್ಪ ಹೆಚ್ಚಿಸಬಹುದು. 4 ಪ್ರತಿಶತವಿದ್ದರೆ ನೀರನ್ನು ಬಿಟ್ಟೇಬಿಡುವುದು ಒಳ್ಳೆಯದು. ಕುಡಿಯಲೆಂದೇ ಸಿಹಿ ಬೆರೆಸಿ ತೆಳುಮಾಡಿದ ವಿನೆಗರ್ ಪಾನೀಯಗಳೂ ಹೆಚ್ಚುಕಡಿಮೆ ಇದೇ ರೂಪದ ಬಾಟಲಿಗಳಲ್ಲಿ ದೊರೆಯುತ್ತವೆ. ಅವುಗಳಲ್ಲಿ ಹುಳಿ ತೀರಾ ಕಡಿಮೆ ಇರುವುದರಿಂದ ಈ ಕೆಲಸಕ್ಕೆ ಬರುವುದಿಲ್ಲ. ಮನೆಯಲ್ಲೇ ತಯಾರಿಸಿದ ವಿನೆಗರ್ ರುಚಿಯಲ್ಲಿ ಉತ್ತಮವಾಗಿರಬಹುದಾದರೂ ಅದರ ಆಮ್ಲದ ಪ್ರಮಾಣ ನಮಗೆ ತಿಳಿದಿರುವುದಿಲ್ಲ. ಅದನ್ನು ಬಳಸುವವರು ನೀರು ಬೆರೆಸದೆ ಬಳಸಿ, ಎರಡು ಮೂರು ದಿನಗಳಲ್ಲಿ ತಿಂದು ಮುಗಿಸಬೇಕು.

ಯಾವ ಹಣ್ಣು ಎಂಬುದು ಅದಾದ ಮೇಲಿನ ಮಾತು. ಸೇಬಿನ ವಿನೆಗರ್ ಎಲ್ಲ ಕಡೆ ಸುಲಭವಾಗಿ ಸಿಗುತ್ತದೆ, ಬಣ್ಣ ತಿಳಿಹೊಂಬಣ್ಣದ್ದು, ಪರಿಮಳ ಈರುಳ್ಳಿಯನ್ನು ಮುಚ್ಚಿಹಾಕುವಷ್ಟು ಜೋರಾಗಿಲ್ಲ. ಮೊದಲ ಸಲ ಮಾಡುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಕೆಂಪು ದ್ರಾಕ್ಷಿಯ ವೈನ್‌ನಿಂದ ಮಾಡಿದ ವಿನೆಗರ್ ಸ್ವಲ್ಪ ಒಗರನ್ನೂ ಗಾಢವಾದ ಕೆಂಪನ್ನೂ ಕೊಡುತ್ತದೆ. ಅನಾನಸಿನ ವಿನೆಗರ್ ದೊರೆತರೆ ಹಸಿಮೆಣಸಿನಕಾಯಿಯೊಂದಿಗೆ ಚೆನ್ನಾಗಿ ಹೊಂದುತ್ತದೆ. ರಾಸ್‌ಬೆರಿಯ ಹೆಸರಿನಲ್ಲಿ ಬರುವ ವಿನೆಗರ್‌ಗಳಲ್ಲಿ ಹಲವು, ಆ ಹಣ್ಣಿನಿಂದಲೇ ಹುದುಗಿಸಿದವಾಗಿರದೆ, ಬೇರೆ ವಿನೆಗರ್‌ನಲ್ಲಿ ಹಣ್ಣನ್ನು ನೆನೆಸಿ ಪರಿಮಳ ಇಳಿಸಿದವಾಗಿರುತ್ತವೆ. ಆಮ್ಲದ ಪ್ರಮಾಣ ಸರಿಯಾಗಿದ್ದರೆ ಅವನ್ನು ಬಳಸಲು ಅಡ್ಡಿಯಿಲ್ಲ, ಆದರೆ ಸಕ್ಕರೆ ಸೇರಿದೆಯೇ ಎಂಬುದನ್ನು ನೋಡಿಕೊಳ್ಳಬೇಕು. ದ್ರಾಕ್ಷಿಯ ರಸವನ್ನು ಕಾಯಿಸಿ ಮಾಡುವ ಬಾಲ್ಸಾಮಿಕ್ ವಿನೆಗರ್‌ನ ಕಪ್ಪು ಬಣ್ಣ ಈರುಳ್ಳಿಯ ಗುಲಾಬಿಯನ್ನು ನುಂಗಿಹಾಕುತ್ತದೆ. ರುಚಿಗಾಗಿ ಬೇಕೆನಿಸಿದರೆ ಅದರ ಒಂದು ಚಮಚವನ್ನು ಸೇಬಿನ ವಿನೆಗರ್‌ಗೆ ಬೆರೆಸಿದರೆ ಸಾಕು.

ಸೋಸದ ವಿನೆಗರ್‌ನ ತಳದಲ್ಲಿ ಮೋಡದಂತೆ ತೇಲುವ, ಒಮ್ಮೊಮ್ಮೆ ಲೋಳೆಯಂತೆ ಕಾಣುವ ವಸ್ತು ಕೊಳೆಯಲ್ಲ. ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳೂ ಅವು ಹೆಣೆದ ಸೆಲ್ಯುಲೋಸ್ ಎಳೆಗಳೂ ಸೇರಿ ಆದ ಪದಾರ್ಥವದು. ರಸ ತಿಳಿಯಾಗಿ ಕಾಣಬೇಕೆಂದರೆ ಬಟ್ಟೆಯಲ್ಲಿ ಸೋಸಿಕೊಳ್ಳಬಹುದು.

ಈರುಳ್ಳಿ ಮತ್ತು ಅದನ್ನು ಹೆಚ್ಚುವ ಬಗೆ

ಕೆಂಪು ಈರುಳ್ಳಿಯನ್ನೇ ಆರಿಸಿಕೊಳ್ಳುವುದು ಬಣ್ಣಕ್ಕಾಗಿ. ಅದರ ನೇರಳೆ ಬಣ್ಣಕ್ಕೆ ಕಾರಣವಾದ ಆಂಥೊಸಯನಿನ್ ಎಂಬ ವರ್ಣದ್ರವ್ಯ ಪ್ರತಿ ಎಸಳಿನ ಹೊರಮೈಯ ತೆಳುವಾದ ಪೊರೆಯಲ್ಲಿ ಕೂಡಿರುತ್ತದೆ. ಒಳಗಿನ ದಪ್ಪ ಭಾಗ ಬಿಳಿಯಾಗಿಯೇ ಇರುತ್ತದೆ. ಆಮ್ಲ ತಾಗಿದಾಗ ಈ ದ್ರವ್ಯ ಕರಗಿ ರಸಕ್ಕಿಳಿದು ಉಜ್ವಲವಾದ ಗುಲಾಬಿಗೆ ತಿರುಗುತ್ತದೆ, ಆ ರಸವೇ ಮತ್ತೆ ಬಿಳಿಯ ಭಾಗಕ್ಕೂ ಬಣ್ಣ ಕೊಡುತ್ತದೆ. ಬಿಳಿ ಈರುಳ್ಳಿಯಿಂದಲೂ ಉಪ್ಪಿನಕಾಯಿ ಹಾಕಬಹುದು, ರುಚಿಗೆ ಕೊರತೆಯಿಲ್ಲ, ಬಣ್ಣ ಮಾತ್ರ ಬಾರದು. ಯಾವ ಜಾತಿಯಾದರೂ ಗಡ್ಡೆ ಗಟ್ಟಿಯಾಗಿರಬೇಕು, ಕುತ್ತಿಗೆಯ ಭಾಗ ಒಣಗಿ ಬಿಗಿದಿರಬೇಕು. ಮೊಳಕೆಯೊಡೆದ ಈರುಳ್ಳಿಯ ಎಸಳುಗಳು ಸಡಿಲವಾಗಿರುವುದರಿಂದ ರಸದಲ್ಲಿ ಬೇಗ ಮೆತ್ತಗಾಗುತ್ತವೆ. ಅದನ್ನು ಅಡುಗೆಗೆ ಬಳಸಿಕೊಳ್ಳುವುದೇ ಸರಿ.

ಹೆಚ್ಚುವ ದಿಕ್ಕು ಚಿಕ್ಕ ವಿಷಯವೆಂದು ಕಂಡರೂ ಪರಿಣಾಮ ದೊಡ್ಡದು. ಗಡ್ಡೆಯನ್ನು ಬೇರಿನ ತುದಿಯಿಂದ ಕುತ್ತಿಗೆಯವರೆಗೆ ಸೀಳಿ ಎರಡು ಹೋಳು ಮಾಡಿ, ಅದೇ ಉದ್ದನೆಯ ದಿಕ್ಕಿನಲ್ಲಿ ಹೆಚ್ಚುತ್ತಾ ಹೋದರೆ ನಾರಿನ ಎಳೆಗಳು ಉದ್ದಕ್ಕೆ ಉಳಿದು, ಹೆಚ್ಚಿದ ಎಸಳುಗಳು ಕರುಮುರು ಎನ್ನುವ ಗುಣವನ್ನು ಹಲವು ದಿನ ಉಳಿಸಿಕೊಳ್ಳುತ್ತವೆ. ಅಡ್ಡಲಾಗಿ ಬಿಲ್ಲೆಗಳಾಗಿ ಹೆಚ್ಚಿದರೆ ಆ ಎಳೆಗಳು ಎಲ್ಲೆಡೆ ತುಂಡಾಗಿ ಬಿಲ್ಲೆಗಳು ಬೇಗ ಬಾಗುತ್ತವೆ, ಹುಳಿಯನ್ನೂ ಬೇಗ ಹೀರುತ್ತವೆ. ಕೂಡಲೇ ಬಡಿಸುವುದಿದ್ದರೆ ಬಿಲ್ಲೆ, ವಾರ ಇಡುವುದಿದ್ದರೆ ಉದ್ದನೆಯ ಎಸಳು ಎಂದು ಇಟ್ಟುಕೊಳ್ಳಬಹುದು. ದಪ್ಪ 2ರಿಂದ 3 ಮಿಲಿಮೀಟರ್ ಇರಲಿ. ಕಾಗದದಷ್ಟು ತೆಳುವಾದವು ಮರುದಿನಕ್ಕೆ ಜೋಲುತ್ತವೆ. 5 ಮಿಲಿಮೀಟರ್ ಮೀರಿದವುಗಳ ನಡುವಿಗೆ ಹುಳಿ ತಲುಪಲು ಒಂದು ದಿನವೇ ಬೇಕಾಗಬಹುದು, ಆಗ ದಿಢೀರ್ ಎಂಬ ಮಾತಿಗೆ ಅರ್ಥವಿರುವುದಿಲ್ಲ.

ಹೆಚ್ಚುವಾಗ ಕಣ್ಣಲ್ಲಿ ನೀರು ಬರುವುದಕ್ಕೂ ಉಪ್ಪಿನಕಾಯಿಯ ರುಚಿಗೂ ಸಂಬಂಧವಿದೆ. ಚಾಕು ತಾಗಿ ಜೀವಕೋಶಗಳು ಒಡೆದಾಗ ಅಲ್ಲಿಯವರೆಗೆ ಬೇರೆಬೇರೆ ಇದ್ದ ಗಂಧಕದ ಸಂಯುಕ್ತಗಳೂ ಕಿಣ್ವಗಳೂ ಒಂದಾಗಿ, ಕಣ್ಣಿಗೆ ಉರಿ ತರುವ ಅನಿಲವನ್ನೂ ನಾಲಿಗೆಗೆ ಕಟುವಾದ ಇತರ ಪದಾರ್ಥಗಳನ್ನೂ ಹುಟ್ಟಿಸುತ್ತವೆ. ಮೊಂಡು ಚಾಕು ಹೆಚ್ಚು ಕೋಶಗಳನ್ನು ಜಜ್ಜುತ್ತದೆ, ಆದ್ದರಿಂದ ಘಾಟೂ ಹೆಚ್ಚು. ಚಾಕುವನ್ನು ಮೊದಲೇ ಹರಿತ ಮಾಡಿಕೊಂಡರೆ ಕಣ್ಣಿಗೂ ನೆಮ್ಮದಿ, ನಾಲಿಗೆಗೂ ನೆಮ್ಮದಿ.

ಅಳತೆ ಮತ್ತು ಉಪ್ಪಿನ ಕೆಲಸ

ಅರ್ಧ ಲೀಟರಿನ ಒಂದು ಗಾಜಿನ ಜಾಡಿಗೆ ಬೇಕಾಗುವುದು ಇಷ್ಟು: ಸಿಪ್ಪೆ ತೆಗೆದು ಹೆಚ್ಚಿದ ಕೆಂಪು ಈರುಳ್ಳಿ 225 ಗ್ರಾಂ, 5 ಪ್ರತಿಶತ ಆಮ್ಲವಿರುವ ಹಣ್ಣಿನ ವಿನೆಗರ್ 150 ಮಿಲಿಲೀಟರ್, ನೀರು 75 ಮಿಲಿಲೀಟರ್, ಉಪ್ಪು ಒಂದು ಟೀ ಚಮಚ, ಸಕ್ಕರೆ ಒಂದು ದೊಡ್ಡ ಚಮಚ, ಕಾಳುಮೆಣಸು ಎಂಟು ಹತ್ತು, ಸಾಸಿವೆ ಅರ್ಧ ಟೀ ಚಮಚ, ಬೇಕಿದ್ದರೆ ಒಂದು ಒಣಮೆಣಸಿನಕಾಯಿ ಅಥವಾ ಒಂದು ಪಲಾವ್ ಎಲೆ.

ವಿನೆಗರ್ ಮತ್ತು ನೀರನ್ನು ಸಮಸಮ ಬೆರೆಸುವುದು ಹೆಚ್ಚು ಬಳಕೆಯಲ್ಲಿರುವ ಕ್ರಮ. ನಾನು ಎರಡಕ್ಕೆ ಒಂದರಂತೆ ಬೆರೆಸಲು ಹೇಳುತ್ತಿರುವುದಕ್ಕೆ ಕಾರಣ ಈರುಳ್ಳಿಯ ನೀರೇ. 225 ಗ್ರಾಂ ಈರುಳ್ಳಿಯಲ್ಲಿ ಸುಮಾರು 200 ಮಿಲಿಲೀಟರ್ ನೀರು ಅಡಗಿರುತ್ತದೆ. 120 ಮಿಲಿಲೀಟರ್ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿದರೆ ರಸದಲ್ಲಿರುವ 6 ಗ್ರಾಂ ಆಮ್ಲ ಕೊನೆಗೆ 440 ಮಿಲಿಲೀಟರ್ ದ್ರವದಲ್ಲಿ ಹಂಚಿಹೋಗಿ, ಹುಳಿ ಸುಮಾರು 1.4 ಪ್ರತಿಶತಕ್ಕೆ ಇಳಿಯುತ್ತದೆ. 150ಕ್ಕೆ 75ರ ಲೆಕ್ಕದಲ್ಲಿ ಅದು ಸುಮಾರು 1.8 ಪ್ರತಿಶತದಲ್ಲಿ ನಿಲ್ಲುತ್ತದೆ. ಅಂಕಿಗಳಲ್ಲಿ ಅಂತರ ಅಲ್ಪವೆಂದು ಕಂಡರೂ ಮೂರನೆಯ ದಿನ ನಾಲಿಗೆ ಅದನ್ನು ಗುರುತಿಸುತ್ತದೆ. ಹಣ್ಣಿನ ಪರಿಮಳವೂ ನೀರಿನಲ್ಲಿ ಕಳೆದುಹೋಗುವುದಿಲ್ಲ.

ಉಪ್ಪನ್ನು ರಸಕ್ಕೆ ಹಾಕುವ ಬದಲು ನೇರವಾಗಿ ಈರುಳ್ಳಿಗೆ ಹಾಕುವುದು ಮುಂದಿನ ಹೆಜ್ಜೆ. ಹೆಚ್ಚಿದ ಎಸಳುಗಳನ್ನು ಬೆರಳುಗಳಿಂದ ಬಿಡಿಬಿಡಿ ಮಾಡಿ, ಅಗಲವಾದ ಬಟ್ಟಲಿನಲ್ಲಿ ಉಪ್ಪು ಉದುರಿಸಿ ಹಗುರವಾಗಿ ಕಲಸಿ ಇಪ್ಪತ್ತು ನಿಮಿಷ ಬಿಡಬೇಕು. ಮೊದಲ ಐದು ನಿಮಿಷ ಏನೂ ಆಗುತ್ತಿಲ್ಲವೆಂದೇ ಅನಿಸುತ್ತದೆ. ಬಳಿಕ ಎಸಳುಗಳ ಮೈ ಬೆವೆತಂತೆ ಹೊಳೆಯತೊಡಗುತ್ತದೆ, ಅಂಚುಗಳು ಬಿಗಿ ಕಳೆದುಕೊಳ್ಳುತ್ತವೆ, ಬಟ್ಟಲನ್ನು ಓರೆ ಮಾಡಿದರೆ ತಳದಲ್ಲಿ ನಸುನೇರಳೆ ಬಣ್ಣದ ನೀರು ಹರಿದು ಕೂಡುತ್ತದೆ. ಆ ನೀರನ್ನು ಮೂಸಿ ನೋಡಿದರೆ ಈರುಳ್ಳಿಯ ಕಟುವಾಸನೆಯ ಎಷ್ಟು ಪಾಲು ಅದರಲ್ಲಿ ಇಳಿದಿದೆಯೆಂದು ತಿಳಿಯುತ್ತದೆ. ಜರಡಿಗೆ ಸುರಿದು, ಅಂಗೈಯಿಂದ ಮೆಲ್ಲಗೆ ಒತ್ತಿ ನೀರನ್ನು ಬಸಿದುಬಿಡಬೇಕು. ಹಿಂಡುವ ಅಗತ್ಯವಿಲ್ಲ, ತೊಳೆಯಲೂಬಾರದು. ಎಸಳುಗಳಿಗೆ ಅಂಟಿಕೊಂಡು ಉಳಿದ ಉಪ್ಪೇ ಸಾಮಾನ್ಯವಾಗಿ ಸಾಕಾಗುತ್ತದೆ. ಹೀಗೆ ಹೊರಗೆ ಹೋದ ಪ್ರತಿ ಹನಿಯೂ ಮುಂದೆ ವಿನೆಗರ್ ಅನ್ನು ತೆಳುಮಾಡಬೇಕಿದ್ದ ಹನಿಯೇ ಆಗಿರುವುದರಿಂದ ಈ ಇಪ್ಪತ್ತು ನಿಮಿಷ ವ್ಯರ್ಥವಲ್ಲ. ಅಯೋಡಿನ್ ಬೆರೆತ ಪುಡಿ ಉಪ್ಪಿನಿಂದಲೂ ಕೆಲಸ ನಡೆಯುತ್ತದೆ. ಗಂಟುಕಟ್ಟದಿರಲೆಂದು ಅದಕ್ಕೆ ಸೇರಿಸಿರುವ ಪದಾರ್ಥದಿಂದ ರಸ ತುಸು ಮಬ್ಬಾಗಬಹುದು, ಅಷ್ಟೇ.

ರಸ ಸಿದ್ಧಪಡಿಸುವುದು

ಸಾಮಾನ್ಯವಾಗಿ ವಿನೆಗರ್, ನೀರು, ಸಕ್ಕರೆ, ಮಸಾಲೆ ಎಲ್ಲವನ್ನೂ ಒಟ್ಟಿಗೆ ಕುದಿಸಿ ಸುರಿಯಲು ಹೇಳುತ್ತಾರೆ. ಬಿಳಿ ವಿನೆಗರ್‌ಗೆ ಆ ಕ್ರಮ ಸರಿ. ಹಣ್ಣಿನ ವಿನೆಗರ್‌ನ ಪರಿಮಳವನ್ನು ಹೊತ್ತಿರುವ ಅಂಶಗಳು ಸುಲಭವಾಗಿ ಆವಿಯಾಗುವಂಥವು. ಅದನ್ನು ಕುದಿಸಿದರೆ ಅಡುಗೆಮನೆ ಘಮಘಮಿಸುತ್ತದೆ, ಜಾಡಿಗೆ ಬರುವುದು ಬರೀ ಹುಳಿ. ಆದ್ದರಿಂದ ಕುದಿಸಬೇಕಾದದ್ದು ನೀರಿನ ಪಾಲನ್ನು ಮಾತ್ರ.

ಚಿಕ್ಕ ಸ್ಟೀಲ್ ಪಾತ್ರೆಯಲ್ಲಿ ಕಾಳುಮೆಣಸು ಮತ್ತು ಸಾಸಿವೆಯನ್ನು ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ವಾಸನೆ ಏಳುವವರೆಗೆ ಬೆಚ್ಚಗೆ ಮಾಡಿ, ಅದಕ್ಕೆ ನೀರು ಸುರಿದು, ಸಕ್ಕರೆ ಸೇರಿಸಿ, ಒಣಮೆಣಸಿನಕಾಯಿಯನ್ನೋ ಎಲೆಯನ್ನೋ ಹಾಕಿ, ಒಂದು ಕುದಿ ಬಂದ ಕೂಡಲೇ ಮುಚ್ಚಿ ಒಲೆ ಆರಿಸಬೇಕು. ಐದು ನಿಮಿಷದಲ್ಲಿ ಮಸಾಲೆಯ ಸಾರ ನೀರಿಗೆ ಇಳಿದಿರುತ್ತದೆ. ಆಮೇಲೆ ವಿನೆಗರ್ ಅನ್ನು ಅದಕ್ಕೆ ಸುರಿದು ಕಲಕಿದರೆ ಕೈಗೆ ಬೆಚ್ಚಗಿರುವ, ಪರಿಮಳ ಉಳಿದಿರುವ ರಸ ಸಿದ್ಧ. ಈ ಹಂತದಲ್ಲಿ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದಾಗ ಹುಳಿ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಇರಬೇಕು, ಏಕೆಂದರೆ ಅದನ್ನು ತಗ್ಗಿಸುವ ಕೆಲಸ ಈರುಳ್ಳಿಗೆ ಉಳಿದಿದೆ. ಮಸಾಲೆಯನ್ನು ಇಡಿಯಾಗಿ ಬಳಸುವುದು ರಸ ತಿಳಿಯಾಗಿರಲೆಂದು. ಪುಡಿ ಹಾಕಿದರೆ ತಳದಲ್ಲಿ ಕೆಸರು ಕೂಡುತ್ತದೆ. ಲವಂಗ, ಚಕ್ಕೆಗಳನ್ನು ಇಷ್ಟಪಡುವವರು ಒಂದೊಂದಕ್ಕೆ ನಿಲ್ಲಿಸಬೇಕು, ಇಲ್ಲವಾದರೆ ಹಣ್ಣಿನ ವಿನೆಗರ್‌ಗಾಗಿ ಪಟ್ಟ ಶ್ರಮವೆಲ್ಲ ಅವುಗಳ ವಾಸನೆಯಲ್ಲಿ ಮುಳುಗುತ್ತದೆ.

ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಕಬ್ಬಿಣದ ಪಾತ್ರೆಗಳನ್ನು ಇಲ್ಲಿ ಯಾವ ಹಂತದಲ್ಲೂ ಬಳಸಬಾರದು. ಆಮ್ಲ ಆ ಲೋಹಗಳನ್ನು ತಿನ್ನುತ್ತದೆ, ರುಚಿಯೂ ಬಣ್ಣವೂ ಕೆಡುತ್ತವೆ. ಸ್ಟೀಲ್, ಗಾಜು, ಪಿಂಗಾಣಿ ಸುರಕ್ಷಿತ.

ಜಾಡಿಗೆ ತುಂಬುವುದು ಮತ್ತು ಕಾಯುವುದು

ಜಾಡಿಯನ್ನು ಸೋಪು ಹಾಕಿದ ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿಸಿರಬೇಕು. ಈರುಳ್ಳಿಯನ್ನು ತುಂಬುವಾಗ ಚಮಚದ ಹಿಂಬದಿಯಿಂದ ಸ್ವಲ್ಪ ಒತ್ತುತ್ತಾ ಹೋದರೆ ಎಲ್ಲವೂ ಹಿಡಿಸುತ್ತದೆ. ರಸವನ್ನು ಮಸಾಲೆಸಮೇತ ಸುರಿದು, ಜಾಡಿಯನ್ನು ಮೇಜಿನ ಮೇಲೆ ಮೆಲ್ಲಗೆ ತಟ್ಟಿ, ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ಚಮಚದ ಹಿಡಿಯಿಂದ ಬಿಡಿಸಬೇಕು. ಎಲ್ಲ ಎಸಳುಗಳೂ ರಸದಲ್ಲಿ ಮುಳುಗಿರಲೇಬೇಕು. ಕಡಿಮೆ ಬಿದ್ದರೆ ನೀರನ್ನು ಸೇರಿಸದೆ ವಿನೆಗರ್ ಅನ್ನೇ ಸೇರಿಸಬೇಕು. ಮುಚ್ಚಳ ಲೋಹದ್ದಾದರೆ, ವಿನೆಗರ್‌ನ ಆವಿಗೆ ಅದು ತುಕ್ಕು ಹಿಡಿಯದಂತೆ ಜಾಡಿಯ ಬಾಯಿಗೆ ಬೇಕಿಂಗ್ ಕಾಗದದ ಒಂದು ತುಂಡನ್ನಿಟ್ಟು ಮುಚ್ಚಬಹುದು.

ಹತ್ತು ನಿಮಿಷದಲ್ಲಿ ಎಸಳುಗಳ ನೇರಳೆ ಅಂಚಿನ ಸುತ್ತ ಗುಲಾಬಿ ಬಣ್ಣ ಹೊಗೆಯಂತೆ ರಸಕ್ಕಿಳಿಯುವುದು ಕಾಣುತ್ತದೆ. ಅರ್ಧ ಗಂಟೆಗೆ ಹೊರಭಾಗ ಹುಳಿಯಾಗಿ, ಒಳಗೆ ಹಸಿ ಈರುಳ್ಳಿಯ ಚುರುಕು ಇನ್ನೂ ಉಳಿದಿರುತ್ತದೆ. ಅದನ್ನೇ ಇಷ್ಟಪಡುವವರೂ ಇದ್ದಾರೆ. ಎರಡು ಮೂರು ಗಂಟೆಗಳಲ್ಲಿ ಬಿಳಿಯ ಭಾಗವೂ ಗುಲಾಬಿಯಾಗಿ ಕಟುತ್ವ ಇಳಿಯುತ್ತದೆ. ಮರುದಿನ ಸಿಹಿ, ಹುಳಿ, ಉಪ್ಪು ಮೂರೂ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ, ಮಸಾಲೆಯ ವಾಸನೆಯೂ ಆಗಲೇ ಮೇಲೇಳುವುದು. ಕಾಯುವ ತಾಳ್ಮೆಯಿದ್ದವರಿಗೆ ಎರಡನೆಯ ದಿನದ ರುಚಿಯೇ ಶ್ರೇಷ್ಠ.

ತೀರಾ ಅವಸರವಿದ್ದಾಗ ಉಪ್ಪು ಬೆರೆಸಿ ಇಡುವ ಹೆಜ್ಜೆಯನ್ನು ಬಿಟ್ಟು, ಉಪ್ಪನ್ನು ರಸಕ್ಕೇ ಹಾಕಿ, ಎಲ್ಲವನ್ನೂ ಕುದಿಯುವ ಹಂತಕ್ಕೆ ಕಾಯಿಸಿ ಸುರಿದರೆ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಈರುಳ್ಳಿ ಬಡಿಸಲು ಸಿದ್ಧವಾಗುತ್ತದೆ. ಬಿಸಿಗೆ ಕೋಶಗಳು ಸಡಿಲಗೊಂಡು ಹುಳಿ ಬೇಗ ಒಳಹೋಗುತ್ತದೆ. ಅದೇ ಕಾರಣಕ್ಕೆ ಕರುಮುರು ಗುಣ ಅರ್ಧ ಕಳೆದುಹೋಗುತ್ತದೆ. ವಿನೆಗರ್ ಕುದಿಯುವಾಗ ಪಾತ್ರೆಯ ಮೇಲೆ ಬಾಗಬಾರದು, ಅದರ ಆವಿ ಕಣ್ಣು ಗಂಟಲುಗಳನ್ನು ಉರಿಸುತ್ತದೆ. ಫ್ರಿಜ್‌ನಿಂದ ಆಗತಾನೇ ತೆಗೆದ ಜಾಡಿಗೆ ಕುದಿರಸ ಸುರಿದರೆ ಗಾಜು ಸೀಳುವ ಸಂಭವವೂ ಉಂಟು.

ಇಡುವ ಬಗೆ

ರಸ ಪೂರ್ತಿ ತಣ್ಣಗಾದ ಮೇಲೆ ಜಾಡಿಯನ್ನು ಫ್ರಿಜ್‌ನಲ್ಲಿ, 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿನ ಉಷ್ಣತೆಯಲ್ಲಿ ಇಡಬೇಕು. ಇಷ್ಟು ಹುಳಿಯಿರುವ ವಸ್ತು ಹೊರಗೇ ಉಳಿಯಲಾರದೇ ಎಂದು ಕೇಳುವವರುಂಟು. ಈರುಳ್ಳಿ ತಾನಾಗಿ ಹುಳಿಯಿಲ್ಲದ ತರಕಾರಿ. ಬೊಟುಲಿಸಂ ಎಂಬ ಮಾರಕ ವಿಷಾಹಾರಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾ ಬೆಳೆಯದಿರಬೇಕಾದರೆ ಜಾಡಿಯೊಳಗಿನ ಪ್ರತಿ ತುಂಡಿನ ನಡುಭಾಗದವರೆಗೂ ಪಿಎಚ್ (ಹುಳಿಯನ್ನು ಅಳೆಯುವ ಅಂಕಿ, ಹುಳಿ ಹೆಚ್ಚಿದಷ್ಟೂ ಇದು ಕಡಿಮೆ) 4.6ಕ್ಕಿಂತ ಕೆಳಗೆ ಇಳಿದಿರಬೇಕು. ಹೊರಗೆ ಇಡುವ ಉಪ್ಪಿನಕಾಯಿಗೆ ಪರೀಕ್ಷಿಸಿ ನಿಗದಿಪಡಿಸಿದ ಅಳತೆಗಳೂ, ಜಾಡಿಯನ್ನು ಕುದಿನೀರಿನಲ್ಲಿ ಸಂಸ್ಕರಿಸುವ ಕ್ರಮವೂ ಬೇರೆಯೇ ಇವೆ. ರುಚಿಗೆ ತಕ್ಕಂತೆ ಅಳತೆಯನ್ನು ಹಿಂದೆಮುಂದೆ ಮಾಡುವ ಈ ದಿಢೀರ್ ಕ್ರಮವನ್ನು ಅದರ ಬದಲಿಗೆ ಬಳಸುವಂತಿಲ್ಲ. ಮೇಲೆ ಎಣ್ಣೆ ಸುರಿದರೆ ಬಾಳಿಕೆ ಹೆಚ್ಚುತ್ತದೆಂಬ ನಂಬಿಕೆಯೂ ಇಲ್ಲಿ ಹೊಂದುವುದಿಲ್ಲ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಆ ಬ್ಯಾಕ್ಟೀರಿಯಾಗೆ ಬೇಕಾದದ್ದೂ ಗಾಳಿಯಿಲ್ಲದ ಜಾಗವೇ.

ಫ್ರಿಜ್‌ನಲ್ಲಿ ಎರಡು ವಾರ ರುಚಿ ಚೆನ್ನಾಗಿರುತ್ತದೆ, ಅನಂತರ ಎಸಳುಗಳು ಜೋಲತೊಡಗುತ್ತವೆ. ತೆಗೆಯುವಾಗ ಪ್ರತಿ ಸಲವೂ ಒಣಗಿದ, ಎಂಜಲಾಗದ ಚಮಚ ಅಥವಾ ಫೋರ್ಕ್ ಬಳಸಬೇಕು. ಮುಚ್ಚಳ ಬಿಗಿಯಾಗಿಲ್ಲದಿದ್ದರೆ ಫ್ರಿಜ್‌ನಲ್ಲಿರುವ ಹಾಲು, ಬೆಣ್ಣೆಗಳೆಲ್ಲ ಈರುಳ್ಳಿಯ ವಾಸನೆ ಹಿಡಿಯುತ್ತವೆ.

ಕಾಣಿಸಿಕೊಳ್ಳಬಹುದಾದ ಕೆಲವು ಬದಲಾವಣೆಗಳಿಗೆ ಹೆದರಬೇಕಿಲ್ಲ. ಬೆಳ್ಳುಳ್ಳಿಯ ಎಸಳನ್ನು ಸೇರಿಸಿದ್ದರೆ ಅದು ಒಮ್ಮೊಮ್ಮೆ ನೀಲಿಗೋ ಹಸಿರಿಗೋ ತಿರುಗುತ್ತದೆ. ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ಹುಳಿಯಲ್ಲಿ ಅಮೈನೊ ಆಮ್ಲಗಳೊಂದಿಗೆ ಸೇರಿ ಹುಟ್ಟಿಸುವ ಈ ಬಣ್ಣದಿಂದ ಅಪಾಯವಿಲ್ಲ. ಸೋಸದ ವಿನೆಗರ್ ಬಳಸಿದಾಗ ಮೇಲ್ಭಾಗದಲ್ಲಿ ತೆಳುವಾದ, ಬಣ್ಣವಿಲ್ಲದ ಲೋಳೆ ಕಟ್ಟಿದರೆ ಅದನ್ನು ತೆಗೆದುಹಾಕಬಹುದು. ಆದರೆ ರೋಮದಂಥ ಬೂಷ್ಟು ಕಂಡರೆ, ಮುಚ್ಚಳ ತೆಗೆದಾಗ ನೊರೆಯೋ ಗುಳ್ಳೆಯೋ ಎದ್ದರೆ, ವಾಸನೆ ಬದಲಾಗಿದ್ದರೆ ರುಚಿ ನೋಡಲೂ ಹೋಗದೆ ಇಡೀ ಜಾಡಿಯನ್ನು ಚೆಲ್ಲಬೇಕು. ಹುಳಿ ಮಿತಿಮೀರಿದೆ ಅನಿಸಿದರೆ ರಸಕ್ಕೆ ನೀರು ಬೆರೆಸಬಾರದು. ಬಡಿಸುವ ಮುನ್ನ ಬೇಕಾದಷ್ಟನ್ನು ತೆಗೆದು ಚೆನ್ನಾಗಿ ಬಸಿದು ಚಿಟಿಕೆ ಸಕ್ಕರೆ ಉದುರಿಸಿದರೆ ಸರಿಹೋಗುತ್ತದೆ.

ಬೇಯಿಸಿದ ಕಾಳುಗಳು, ಮೊಟ್ಟೆ, ಸ್ಯಾಂಡ್‌ವಿಚ್, ಸಲಾಡ್, ಕರಿದ ತಿನಿಸು ಹೀಗೆ ಕೊಬ್ಬೋ ಪಿಷ್ಟವೋ ಹೆಚ್ಚಿರುವ ಯಾವುದರ ಪಕ್ಕಕ್ಕಾದರೂ ಈ ಈರುಳ್ಳಿ ಒಪ್ಪುತ್ತದೆ. ಬಿಸಿ ಪದಾರ್ಥದ ಮೇಲೆ ಹಾಕುವುದಾದರೆ ತಿನ್ನುವ ಗಳಿಗೆಯಲ್ಲೇ ಹಾಕಬೇಕು.

ಈರುಳ್ಳಿ ಮುಗಿದ ಮೇಲೆ ಉಳಿಯುವ ಗುಲಾಬಿ ರಸವನ್ನು ಹಲವರು ಹೊಸ ಈರುಳ್ಳಿಗೆ ಮತ್ತೆ ಬಳಸುತ್ತಾರೆ. ಮೊದಲ ಸುತ್ತಿನಲ್ಲೇ ಅದರ ಹುಳಿ ಮೂಲ ವಿನೆಗರ್‌ನ ಹುಳಿಯ ಮೂರನೆಯ ಒಂದು ಭಾಗದ ಆಸುಪಾಸಿಗೆ ಇಳಿದಿರುವಾಗ, ಇನ್ನೊಂದು 225 ಗ್ರಾಂ ಈರುಳ್ಳಿಯ ನೀರನ್ನು ತಾಳಿಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ಮೂರು ಪಾಲು ಎಣ್ಣೆಗೆ ಎರಡು ಪಾಲಿನಂತೆ ಈ ರಸವನ್ನು ಸೇರಿಸಿ, ಚಿಕ್ಕ ಬಾಟಲಿಯಲ್ಲಿ ಜೋರಾಗಿ ಕುಲುಕಿ, ಆಗಲೇ ಸಲಾಡ್‌ಗೆ ಸುರಿದುಕೊಂಡರೆ ಅದು ಸದುಪಯೋಗವಾಗುತ್ತದೆ. ರಸದಲ್ಲಿ ಉಪ್ಪು, ಸಕ್ಕರೆ ಮೊದಲೇ ಇರುವುದರಿಂದ ಮತ್ತೆ ಅವನ್ನು ಸೇರಿಸಬೇಕಾಗಿಲ್ಲ.